ಹುಬ್ಬಳ್ಳಿಯ ಖಾನೆಯಲ್ಲಿ ಧಾರವಾಡದ ಮಂದಿ

2011ರ ಜನಗಣತಿಯ ಪ್ರಕಾರ ಹುಬ್ಬಳ್ಳಿಯ ಜನಸಂಖ್ಯೆ ಎಷ್ಟು ಎಂದು ಹುಡುಕಿದರೆ ಹಲವು ಕಡೆ ಸಿಗುವ ಉತ್ತರ ಸುಮಾರು 9.43 ಲಕ್ಷ. ಅದು ಹುಬ್ಬಳ್ಳಿಯದಲ್ಲ, ಧಾರವಾಡವನ್ನೂ ಕೂಡಿಸಿದ ಮಹಾನಗರ ಪಾಲಿಕೆಯ ಲೆಕ್ಕ. ಅಂಕಿಯಲ್ಲಿ ತಪ್ಪಿಲ್ಲ. ಊರಿನ ಹೆಸರಿನ ಕೆಳಗೆ ‘ಜನಸಂಖ್ಯೆ’ ಎಂಬ ಖಾನೆ ಖಾಲಿ ಇತ್ತು, ಗಣತಿಯವರು ಎರಡೂ ಊರಿಗೆ ಸೇರಿಸಿ ಒಂದೇ ಮೊತ್ತ ಕೊಟ್ಟಿದ್ದರು. ಯಾರೋ ತುಂಬಿದರು, ಉಳಿದವರು ನಕಲು ಮಾಡಿಕೊಂಡರು.

ವಿಕಿಪೀಡಿಯ, ವಿಕಿಡೇಟಾ, ಓಪನ್‌ಸ್ಟ್ರೀಟ್‌ಮ್ಯಾಪ್‌ನಂತೆ ಹಲವರು ಸೇರಿ ಕಟ್ಟುವ ಮಾಹಿತಿಕೋಶಗಳ ವಿಚಾರದಲ್ಲಿ ಬಲ್ಲವರು ಹೇಳುವ ಬುದ್ಧಿಮಾತೊಂದಿದೆ: ಮೊದಲು ನಮೂನೆ ಕಾಯಂ ಮಾಡಿ, ಆಮೇಲೆ ಮಾಹಿತಿ ತುಂಬಿ. ಕೇಳುವುದಕ್ಕೆ ಶಿಸ್ತಿನ ಮಾತು. ಆದರೆ ಹುಬ್ಬಳ್ಳಿ-ಧಾರವಾಡದಲ್ಲಿ ಅಂಕಿಗಳ ಜೊತೆ ಖಾನೆಗಳೂ ಬದಲಾಗುತ್ತ ಬಂದಿವೆ.

ಸುಮಾರು 20 ಕಿಲೋಮೀಟರ್ ಅಂತರದ ಎರಡು ಊರುಗಳು 1962ರಲ್ಲಿ ಒಂದೇ ಪಾಲಿಕೆಯಾದವು. 67 ಇದ್ದ ವಾರ್ಡುಗಳು 2021ರ ಚುನಾವಣೆಯ ಹೊತ್ತಿಗೆ 82 ಆದವು. ವಾರ್ಡಿನ ನಂಬರು ಹಿಡಿದು ಹಳೆಯ ಲೆಕ್ಕವನ್ನು ಹೊಸದರ ಪಕ್ಕದಲ್ಲಿಟ್ಟವನು ಒಂದು ಓಣಿಯ ನಲ್ಲಿಗಳನ್ನು ಇನ್ನೊಂದು ಓಣಿಯ ಮನೆಗಳಿಗೆ ಹೋಲಿಸಿರುತ್ತಾನೆ. ಜಿಲ್ಲೆಯದಂತೂ ಇನ್ನೂ ದೊಡ್ಡ ಕಥೆ. 1991ರ ಗಣತಿಯಲ್ಲಿ ಧಾರವಾಡ ಜಿಲ್ಲೆಯಲ್ಲಿ 35 ಲಕ್ಷ ಜನ, 2001ರಲ್ಲಿ 16 ಲಕ್ಷ. ಬರವೂ ಬಂದಿರಲಿಲ್ಲ, ಬೇನೆಯೂ ಬಂದಿರಲಿಲ್ಲ. 1997ರಲ್ಲಿ ಗದಗ, ಹಾವೇರಿ ಬೇರೆಯಾಗಿದ್ದವು. ಎರಡೂ ಅಂಕಿ ನಿಜವೇ. ಎರಡನ್ನೂ ಒಂದೇ ‘ಧಾರವಾಡ ಜಿಲ್ಲೆ’ಯ ಖಾನೆಗೆ ಹಾಕಿದ ಕೂಡಲೇ ಸುಳ್ಳು ಹುಟ್ಟಿತು.

ಇದಕ್ಕೆ ಹೋಲಿಸಿದರೆ ಹೆಸರು ಬದಲಾವಣೆ ಸಣ್ಣ ಕೆಲಸ. 2014ರ ನವೆಂಬರ್ 1ರಿಂದ ಇಂಗ್ಲಿಷಿನ ‘ಹುಬ್ಲಿ’ ಅಧಿಕೃತವಾಗಿ ಹುಬ್ಬಳ್ಳಿಯಾಯಿತು, 2020ರಲ್ಲಿ ರೈಲು ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರು ಬಂತು. ನಿಲ್ದಾಣದ ಕೋಡ್ ಮಾತ್ರ ಇಂದಿಗೂ ಯುಬಿಎಲ್. ಗುರುತಿಗೊಂದು, ಕರೆಯುವುದಕ್ಕೊಂದು ಎಂದು ರೈಲ್ವೆಯವರು ಬೇರೆ ಬೇರೆ ಇಟ್ಟಿದ್ದಾರೆ. ಈ ಒಂದು ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು.

ನಮೂನೆಯನ್ನು ಸಡಿಲ ಬಿಟ್ಟರೆ ಗೊಂದಲವಾಗುತ್ತದೆ ಎಂಬ ಆಕ್ಷೇಪ ಹುಸಿಯೇನಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಯಾರು ಬೇಕಾದರೂ ಹೊಸ ಟ್ಯಾಗ್ ಹುಟ್ಟಿಸಬಹುದು. ಒಂದೇ ಬಗೆಯ ಜಾಗವನ್ನು ಮೂವರು ಮೂರು ರೀತಿ ಗುರುತಿಸುವುದೂ ಉಂಟು. ಆದರೆ ಆ ಗೊಂದಲ ಕಣ್ಣಿಗೆ ಕಾಣುತ್ತದೆ, ಯಾರಾದರೂ ತಿದ್ದುತ್ತಾರೆ. ಬಿಗಿಯಾದ ಖಾನೆಯೊಳಗೆ ಕುಳಿತ 9.43 ಲಕ್ಷ ಕಾಣುವುದಿಲ್ಲ, ಅಚ್ಚುಕಟ್ಟಾಗಿರುತ್ತದೆ. ನನಗೆ ಹೆಚ್ಚು ಭಯ ಅದರದೇ.

‘ಪುಟದ ಇತಿಹಾಸವಿದೆಯಲ್ಲ, ಹಳೆಯದೆಲ್ಲ ಅಲ್ಲಿ ಸಿಗುತ್ತದೆ’ ಎಂದು ವಿಕಿ ಅಭಿಮಾನಿಗಳು ಹೇಳಬಹುದು. ಪುಟ ಬದಲಾದ ದಿನ ಬೇರೆ, ಊರು ಬದಲಾದ ದಿನ ಬೇರೆ. ಪುಟದ ಇತಿಹಾಸದಲ್ಲಿ ದಾಖಲಾಗುವುದು ಮೊದಲನೆಯದು. ನಮ್ಮ ರೈತರಿಗೆ ಈ ವ್ಯತ್ಯಾಸ ಹೊಸದಲ್ಲ: ಹೊಲದ ಉತಾರದಲ್ಲಿ ಹೆಸರು ಬದಲಾದರೆ ಅದಕ್ಕೊಂದು ಮ್ಯುಟೇಶನ್ ನಂಬರು ಬೀಳುತ್ತದೆ; ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಹೋಯಿತೆಂದು ಆ ದಾಖಲೆಯಲ್ಲಿ ತಿಳಿಯುತ್ತದೆ. ವಿಕಿಡೇಟಾದಲ್ಲೂ ಪ್ರತಿ ಹೇಳಿಕೆಗೆ ಆರಂಭದ, ಮುಕ್ತಾಯದ ದಿನಾಂಕ ಕೂಡಿಸುವ ಅನುಕೂಲವಿದೆ. ಇರುವುದನ್ನು ಬಳಸದೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದು ಸೋಮಾರಿತನ.

ಈಗ ಮತ್ತೊಂದು ಪರೀಕ್ಷೆ ಬಂದಿದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ 2025ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಯಾವ ವಾರ್ಡು ಹೊಸ ಯಾವ ವಾರ್ಡಿಗೆ ಸೇರಿತು ಎಂಬ ಪಟ್ಟಿಯನ್ನು ಪಾಲಿಕೆಯವರು ಮೊದಲು ಪ್ರಕಟಿಸಬೇಕು. ಸ್ವಯಂಸೇವಕರಲ್ಲಿ ನನ್ನ ಕೋರಿಕೆ ಇಷ್ಟೇ: ವಿಭಜನೆ ಜಾರಿಯಾದ ದಿನ ‘ಹುಬ್ಬಳ್ಳಿ-ಧಾರವಾಡ’ ಎಂಬ ನಮೂದನ್ನು ಅಳಿಸಬೇಡಿ. ಅದಕ್ಕೆ 1962 ಅನ್ನು ಆರಂಭವಾಗಿಯೂ ಆ ದಿನದ ತಾರೀಖನ್ನು ಮುಕ್ತಾಯವಾಗಿಯೂ ಬರೆದು, 9.43 ಲಕ್ಷವನ್ನು ಅದರ ಹೆಸರಿಗೇ ಬಿಡಿ.