ಲಾಡ್ ಬಜಾರಿನ ಬಳೆಗೆ ಯಾವ ಲೆನ್ಸ್?

ಚಾರ್‌ಮಿನಾರ್ ಪಕ್ಕದ ಲಾಡ್ ಬಜಾರಿನಲ್ಲಿ ಅರಗಿನ ಬಳೆಗಳ ಫೋಟೊ ತೆಗೆಯಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಒಂದು ಹರಳಷ್ಟೇ ಸ್ಪಷ್ಟವಾಗಿ ಕಂಡು ಉಳಿದದ್ದೆಲ್ಲ ಮಸುಕಾಗಬೇಕು, ಎಫ್ 1.2 ಲೆನ್ಸ್ ಕೊಳ್ಳಲೇ? ಬೇಡ. ತೀರಾ ಹತ್ತಿರದಿಂದ ತೆಗೆಯುವ ಚಿತ್ರಗಳಲ್ಲಿ ಮಸುಕು ಪುಕ್ಕಟೆಯಾಗಿ ಸಿಗುತ್ತದೆ. ಅದಕ್ಕೆಂದು ದುಡ್ಡು ಸುರಿಯಬೇಕಿಲ್ಲ.

ಲೆಕ್ಕ ನೋಡಿ. ವಸ್ತು ತನ್ನ ನಿಜ ಅಳತೆಯಲ್ಲೇ ಸೆನ್ಸರಿನ ಮೇಲೆ ಮೂಡಿದರೆ ಅದು 1:1. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಆಗ ಎಫ್ 2.8ಕ್ಕೆ ಫೋಕಸ್ ಉಳಿಯುವ ಆಳ ಮಿಲಿಮೀಟರಿನ ಮೂರನೇ ಒಂದು ಭಾಗ ಮಾತ್ರ. ಎಫ್ 8ಕ್ಕೆ ಹೋದರೂ ಸುಮಾರು 1 ಮಿ.ಮೀ. ಹರಳಿನ ಮುಂದಿನ ಅಂಚಿಗೆ ಫೋಕಸ್ ಮಾಡಿದರೆ ಹಿಂದಿನ ಅಂಚು ಆಗಲೇ ಕರಗಿರುತ್ತದೆ. ಅದೂ ಅಲ್ಲದೆ, ಎಫ್ 1.2 ಲೆನ್ಸುಗಳಲ್ಲಿ ಬಹುಪಾಲು ಇಷ್ಟು ಸಮೀಪಕ್ಕೆ ಫೋಕಸ್ ಆಗುವುದೇ ಇಲ್ಲ.

1:1ರಲ್ಲಿ, ಒಂದೇ ಅಪರ್ಚರಿನಲ್ಲಿ, 60 ಮಿ.ಮೀ. ಮತ್ತು 100 ಮಿ.ಮೀ. ಮ್ಯಾಕ್ರೊ ಲೆನ್ಸುಗಳು ಕೊಡುವ ಆಳ ಹೆಚ್ಚುಕಡಿಮೆ ಒಂದೇ. ಆದರೂ ನಾನು 100ನ್ನೇ ಆರಿಸುತ್ತೇನೆ. 60ರ ಮೂತಿಗೂ ಬಳೆಗೂ ನಡುವೆ ಉಳಿಯುವುದು 9 ಸೆಂ.ಮೀ. ಆಸುಪಾಸು, 100ರಲ್ಲಿ 13ರಿಂದ 15 ಸೆಂ.ಮೀ. ಪಕ್ಕದಿಂದ ಬೆಳಕು ಬೀಳಲು ಆ ಜಾಗ ಬೇಕು. ಜೊತೆಗೆ, ಉದ್ದದ ಲೆನ್ಸ್ ಹಿನ್ನೆಲೆಯ ಚಿಕ್ಕ ತುಣುಕನ್ನಷ್ಟೇ ಹಿಡಿಯುತ್ತದೆ. ಎದುರಂಗಡಿಯ ಬಲ್ಬುಗಳು, ತೂಗುಹಾಕಿದ ದುಪಟ್ಟಾಗಳು ಚಿತ್ರದೊಳಗೆ ನುಗ್ಗದೆ ಬಣ್ಣದ ಹರವಾಗಿ ಹಿಂದೆ ನಿಲ್ಲುತ್ತವೆ.

ಲೆನ್ಸಿಗೆ ನಿಜವಾದ ಪರೀಕ್ಷೆ ಎಂದರೆ ಬಿದರಿ. ಬೀದರಿನ ಈ ಕೆಲಸದಲ್ಲಿ ಸತು-ತಾಮ್ರದ ಮಿಶ್ರಲೋಹವನ್ನು ಕೋಟೆಯ ಮಣ್ಣಿನಿಂದ ಕಪ್ಪಾಗಿಸುತ್ತಾರೆ. ಅದರಲ್ಲಿ ಕೂರಿಸಿದ ಬೆಳ್ಳಿ ಮಾತ್ರ ಹೊಳೆಯುತ್ತದೆ. ಕಡುಕಪ್ಪಿನ ಪಕ್ಕದಲ್ಲೇ ಬೆಳ್ಳಿಬಿಳುಪು. ಫೋಕಸಿನ ಹಿಂದೆ ಮುಂದೆ ಬಣ್ಣಗಳನ್ನು ಕೂಡಿಸಲಾಗದ ಲೆನ್ಸ್, ಬೆಳ್ಳಿ ಬಳ್ಳಿಯ ಅಂಚಿಗೆ ನೇರಳೆ, ಹಸಿರು ಬಳಿದುಬಿಡುತ್ತದೆ. ಅಷ್ಟು ಸೂಕ್ಷ್ಮವಾದ ಕೈಕೆಲಸಕ್ಕೆ ಅದು ಅನ್ಯಾಯ.

ಬಜೆಟ್ ಕಡಿಮೆಯಿದ್ದರೆ 50 ಮಿ.ಮೀ. ಎಫ್ 1.8 ಲೆನ್ಸಿನ ಹಿಂದೆ 25 ಮಿ.ಮೀ. ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿ. ಅರ್ಧ ಅಳತೆಗಿಂತ ತುಸು ಹೆಚ್ಚೇ ಸಿಗುತ್ತದೆ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ಕೊಳ್ಳಿ, ಇಲ್ಲವಾದರೆ ಈಗಿನ ಬಹುತೇಕ ಲೆನ್ಸುಗಳಲ್ಲಿ ಅಪರ್ಚರ್ ಬದಲಿಸಲಾಗದು. ಹಣ ಹೊಂದಿಸಬಲ್ಲವರಿಗೆ 90ರಿಂದ 105 ಮಿ.ಮೀ.ವರೆಗಿನ ಎಫ್ 2.8 ಮ್ಯಾಕ್ರೊ.

ಅಂಗಡಿಗೆ ಹೋಗುವಾಗ ಹರಳಿನ ಬಳೆಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಹಿಂದೆ ಬಲ್ಬು ಬರುವಂತೆ ಹಿಡಿದು ಎಫ್ 2.8, 4, 5.6ರಲ್ಲಿ ಒಂದೊಂದು ಚಿತ್ರ ತೆಗೆದು, ಸ್ಕ್ರೀನಿನಲ್ಲಿ ಹಿಗ್ಗಿಸಿ ನೋಡಿ. ಬೆಳಕಿನ ಬಿಲ್ಲೆಗಳು ದುಂಡಗಿವೆಯೇ, ಅಂಚು ಮೆತ್ತಗಿದೆಯೇ, ಹರಳಿನ ಸುತ್ತ ಬಣ್ಣ ಸೋರಿಲ್ಲವೇ? ಮೂರಕ್ಕೂ ಹೌದು ಎನ್ನುವ ಲೆನ್ಸ್ ಸಿಕ್ಕರೆ ಅದರ ಮೇಲಿನ ಹೆಸರು ಯಾವುದೇ ಇರಲಿ, ಕೊಂಡುಬಿಡಿ.