ಹೆಸರು ಹೇಳದ ಕಾರ್ಡುಗಳು

ಹಳೆಯ ಕಂಪ್ಯೂಟರಿಗೆ ಮತ್ತೆ ಜೀವ ಕೊಡಲು ಹೊರಟವರು ಸಾಮಾನ್ಯವಾಗಿ ಸಿಕ್ಕಿಬೀಳುವುದು ಡ್ರೈವರ್ ಹಾಕುವ ಹೊತ್ತಿನಲ್ಲಿ. ಪವರ್ ಸಪ್ಲೈ ರಿಪೇರಿಯಾಗಿರುತ್ತದೆ, ಹಾರ್ಡ್ ಡಿಸ್ಕ್ ತಿರುಗುತ್ತಿರುತ್ತದೆ, ವಿಂಡೋಸ್ 95 ಇನ್‌ಸ್ಟಾಲ್ ಕೂಡ ಆಗಿರುತ್ತದೆ. ಡಿವೈಸ್ ಮ್ಯಾನೇಜರ್ ತೆರೆದರೆ ಅಲ್ಲೊಂದು ಹಳದಿ ಪ್ರಶ್ನಾರ್ಥಕ ಚಿಹ್ನೆ. ಸ್ಲಾಟಿನಲ್ಲಿ ಕೂತಿರುವುದು ಸೌಂಡ್ ಕಾರ್ಡೋ, ನೆಟ್‌ವರ್ಕ್ ಕಾರ್ಡೋ, ಸ್ಕ್ಯಾನರಿನ ಜೊತೆ ಬಂದ ಸ್ಕಸಿ ಕಾರ್ಡೋ ಯಂತ್ರಕ್ಕೆ ತಿಳಿಯದು. ಇನ್ನೂ ಹಳೆಯ ಕಾರ್ಡಾದರೆ ಆ ಚಿಹ್ನೆಯೂ ಬರುವುದಿಲ್ಲ. ಅಂಥದ್ದೊಂದು ಕಾರ್ಡ್ ಇದೆ ಎಂಬುದೇ ಯಂತ್ರಕ್ಕೆ ಗೊತ್ತಾಗುವುದಿಲ್ಲ.

'ಡ್ರೈವರ್ ಸಿಗುತ್ತಿಲ್ಲ' ಎಂದು ಇದನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ನಾನು ಕಂಡಂತೆ ಡ್ರೈವರ್ ಬಹುಪಾಲು ಸಿಗುತ್ತದೆ. ಸಿಗದಿರುವುದು ಕಾರ್ಡಿನ ಗುರುತು. ಆ ಗುರುತನ್ನು ಹೇಳಬೇಕಾದದ್ದು ಯಾರು? ಕಾರ್ಡೇ ಹೇಳಬೇಕು ಎಂಬುದು ನನ್ನ ನಿಲುವು. ಕೊಂಡವರ ನೆನಪಿನ ಮೇಲೆ, ಕಳೆದುಹೋಗುವ ಕೈಪಿಡಿಯ ಮೇಲೆ, ಬೂಸ್ಟು ಹಿಡಿಯುವ ಫ್ಲಾಪಿಯ ಮೇಲೆ ಆ ಹೊರೆ ಹೊರಿಸಿದ ವಿನ್ಯಾಸ ಎಷ್ಟು ಅಗ್ಗವಾಗಿದ್ದರೂ ಅರೆಬೆಂದ ವಿನ್ಯಾಸವೇ.

ಈ ಅಳತೆಗೋಲು ಹಿಡಿದರೆ ಮೊದಲು ಸೋಲುವುದು ಜಗತ್ತಿನಲ್ಲೆಲ್ಲ ಗೆದ್ದ ಬಸ್, ಅಂದರೆ ಕಾರ್ಡು ಯಂತ್ರದೊಡನೆ ಮಾತಾಡುವ ದಾರಿ. 1981ರ ಐಬಿಎಂ ಪಿಸಿಯ ಜೊತೆ ಬಂದು, 1984ರ ಎಟಿಯಲ್ಲಿ 16 ಬಿಟ್‌ಗೆ ಅಗಲವಾಗಿ, ಮುಂದೆ ಐಎಸ್‌ಎ ಎಂದು ಹೆಸರಾದ ಆ ಸ್ಲಾಟಿನಲ್ಲಿ 'ನೀನು ಯಾರು' ಎಂದು ಪ್ರೊಸೆಸರ್ ಕೇಳುವ ದಾರಿಯೇ ಇಲ್ಲ. ಕಾರ್ಡ್ ಒಂದು ಪೋರ್ಟ್ ವಿಳಾಸದಲ್ಲಿ ಸುಮ್ಮನೆ ಕಾಯುತ್ತಿರುತ್ತದೆ. ಆ ವಿಳಾಸ, ಅದರ ಇಂಟರಪ್ಟ್ ಸಂಖ್ಯೆ, ಡಿಎಂಎ ಚಾನೆಲ್ ಎಲ್ಲವನ್ನೂ ಮನುಷ್ಯನೇ ಜಂಪರ್ ಚುಚ್ಚಿ ನಿಗದಿಮಾಡಬೇಕು, ಆಮೇಲೆ ಅದನ್ನೇ ಸಾಫ್ಟ್‌ವೇರಿಗೂ ಬರೆದು ತಿಳಿಸಬೇಕು. ಸೌಂಡ್ ಬ್ಲಾಸ್ಟರ್ 16 ಹಾಕಿದವರ ಆಟೋಎಕ್ಸೆಕ್ ಫೈಲಿನಲ್ಲಿ 'ಎ220 ಐ5 ಡಿ1 ಎಚ್5 ಪಿ330 ಟಿ6' ಎಂಬ ಸಾಲು ಇರುತ್ತಿತ್ತು. 220 ಪೋರ್ಟ್, 5 ಇಂಟರಪ್ಟ್, 1 ಮತ್ತು 5 ಡಿಎಂಎ, 330 ಮಿಡಿ ಪೋರ್ಟ್. ಕೊನೆಯ ಟಿ6 ಎಂದರೆ ಕಾರ್ಡಿನ ಜಾತಿ. ಕಾರ್ಡ್ ಯಾವುದೆಂದು ಆಟಗಳಿಗೆ ತಿಳಿಯುತ್ತಿದ್ದದ್ದು ಬಹುಮಟ್ಟಿಗೆ ಈ ಸಾಲಿನಿಂದ.

ಕೇಳುವ ದಾರಿ ಇಲ್ಲದಿದ್ದಾಗ ಉಳಿಯುವುದು ತಡವಿ ನೋಡುವುದು. ಒಂದು ಪೋರ್ಟಿಗೆ ಏನಾದರೂ ಬರೆದು, ಏನು ವಾಪಸು ಬರುತ್ತದೆ ಎಂದು ನೋಡಿ ಊಹಿಸುವುದು. ಎನ್‌ಇ2000 ಜಾತಿಯ ನೆಟ್‌ವರ್ಕ್ ಕಾರ್ಡುಗಳನ್ನು ಲಿನಕ್ಸ್ ಹೀಗೇ ಹುಡುಕುತ್ತಿತ್ತು. ನೊವೆಲ್ ಕಂಪನಿಯ ಆ ಕಾರ್ಡನ್ನು ತೈವಾನಿನ ಅದೆಷ್ಟೋ ತಯಾರಕರು ನಕಲು ಮಾಡಿದ್ದರು. ಕಾರ್ಡಿನ ವಿಳಾಸ ಬರೆದಿಟ್ಟ ಪ್ರಾಮ್‌ನಲ್ಲಿ 14 ಮತ್ತು 15ನೇ ಬೈಟುಗಳೆರಡೂ ಹೆಕ್ಸ್ 57 ಆಗಿದ್ದರೆ ಅದು ಎನ್‌ಇ2000 ಎಂದು ಡ್ರೈವರ್ ನಂಬುತ್ತದೆ. ಆದರೆ ಕೆಲವು ನಕಲುಗಾರರು ಆ ಎರಡು ಬೈಟುಗಳನ್ನೂ ನೆಟ್ಟಗೆ ಬರೆದಿರಲಿಲ್ಲ. ಅವರಿಗಾಗಿ ಡ್ರೈವರಿನ ಒಳಗೇ 'ಕೆಟ್ಟ ನಕಲುಗಳ ಪಟ್ಟಿ' ಎಂಬ ಬೇರೆ ಕೋಷ್ಟಕವಿದೆ. ಈಥರ್ನೆಟ್ ವಿಳಾಸದ ಮೊದಲ ಮೂರು ಬೈಟ್ ನೋಡಿ ಅಂಥವನ್ನು ಹಿಡಿಯುತ್ತದೆ. ತಯಾರಕರ ಅಸಡ್ಡೆಯನ್ನು ಡ್ರೈವರ್ ಬರೆದವರು ಸಾಲು ಸಾಲಾಗಿ ತುಂಬಿಕೊಟ್ಟ ಕೆಲಸವದು. ಅವರ ಶ್ರಮ ದೊಡ್ಡದು, ಆದರೆ ಅಂಥ ಶ್ರಮ ಬೇಕಾಗಲೇಬಾರದಿತ್ತು.

ಆ ಕಾಲಕ್ಕೆ ಇಷ್ಟೇ ತಿಳಿದಿತ್ತು ಎಂದು ಐಎಸ್‌ಎಯನ್ನು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. 1980ರ ದಶಕದ ನಡುವಿನಲ್ಲೇ ಕಮೋಡೋರ್ ಅಮಿಗಾದ 'ಆಟೋಕಾನ್ಫಿಗ್' ಪದ್ಧತಿಯಲ್ಲಿ ಪ್ರತಿ ಕಾರ್ಡೂ 16 ಬಿಟ್‌ನ ತಯಾರಕ ಸಂಖ್ಯೆಯನ್ನೂ 8 ಬಿಟ್‌ನ ಉತ್ಪನ್ನ ಸಂಖ್ಯೆಯನ್ನೂ ತಾನೇ ಹೇಳುತ್ತಿತ್ತು. ವಿಳಾಸವನ್ನು ಯಂತ್ರವೇ ಹಂಚುತ್ತಿತ್ತು, ಜಂಪರ್ ಮುಟ್ಟುವ ಮಾತಿಲ್ಲ. 1987ರ ಮ್ಯಾಕಿಂಟೋಷ್ 2ರ ನುಬಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಕಾರ್ಡುಗಳ 'ಡಿಕ್ಲರೇಷನ್ ರಾಮ್' ಚಿಪ್ಪಿನಲ್ಲಿ ಹೆಸರಷ್ಟೇ ಅಲ್ಲ, ಡ್ರೈವರನ್ನೂ ಇಡಲು ಜಾಗವಿತ್ತು. ಫ್ಲಾಪಿ ಕಳೆದರೂ ಕಾರ್ಡ್ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಗುರುತಿನ ವಿಷಯದಲ್ಲಿ ಆ ದಶಕದ ಅತ್ಯಂತ ಪ್ರಬುದ್ಧ ವಿನ್ಯಾಸ ಇದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಅದೇ 1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳಲ್ಲಿ ಮೈಕ್ರೋ ಚಾನೆಲ್ ತಂದಿತು. ಇಲ್ಲಿ ಕಾರ್ಡ್ 16 ಬಿಟ್‌ನ ಗುರುತಿನ ಸಂಖ್ಯೆ ಹೇಳುತ್ತದೆ, ಆದರೆ ಆ ಸಂಖ್ಯೆಯ ಅರ್ಥ ಬೇರೊಂದು ಫ್ಲಾಪಿಯ ಎಡಿಎಫ್ ಫೈಲಿನಲ್ಲಿದೆ. ಹೊಸ ಕಾರ್ಡ್ ಹಾಕಿ ಸ್ವಿಚ್ ಒತ್ತಿದರೆ '165' ಎಂಬ ದೋಷ ಸಂಖ್ಯೆ ತೋರಿಸಿ ಯಂತ್ರ ನಿಲ್ಲುತ್ತದೆ. ಆ ಕಾರ್ಡಿನ ಎಡಿಎಫ್ ಕೊಡದೆ ಅದನ್ನು ಹೊಂದಿಸಲಾಗದು. ಇಂದು ಪಿಎಸ್/2 ಇಟ್ಟುಕೊಂಡವರ ಪರದಾಟವೆಲ್ಲ ಆ ಪುಟ್ಟ ಫೈಲುಗಳಿಗಾಗಿ. ಇದರ ಮೇಲೆ ಐಬಿಎಂ ಕೇಳಿದ ರಾಯಲ್ಟಿ ಬೇರೆ. ಅದು ಬೇಡವೆಂದು ಕಾಂಪ್ಯಾಕ್ ಮುಂದಾಳತ್ವದ ಒಂಬತ್ತು ಕಂಪನಿಗಳು 1988ರಲ್ಲಿ ಇಐಎಸ್‌ಎ ಎಂಬ ಬೇರೆ ಬಸ್ ಘೋಷಿಸಿದವು. ಅದು ದೊಡ್ಡ ಸರ್ವರುಗಳನ್ನು ದಾಟಿ ಕೆಳಗಿಳಿಯಲಿಲ್ಲ. ಜನಸಾಮಾನ್ಯರ ಪಾಲಿಗೆ ಉಳಿದದ್ದು ಐಎಸ್‌ಎಯೇ.

ಆ ಅಗ್ಗದ ಸ್ಲಾಟಿನ ಋಣವನ್ನು ನಾವು ಮರೆಯುವಂತಿಲ್ಲ, ಅದೂ ನಿಜ. ಯಾರು ಬೇಕಾದರೂ ಕಾರ್ಡ್ ಮಾಡಬಹುದಾದ್ದರಿಂದಲೇ ಡಾಸ್ ಪರದೆಯ ಮೇಲೆ ಕನ್ನಡ ಮೂಡಿತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಪಿಸಿಗೆ ಬಂದದ್ದು ಸ್ಲಾಟಿಗೆ ಸಿಕ್ಕಿಸುವ ಕಾರ್ಡಿನ ರೂಪದಲ್ಲಿ. ಇಂಗ್ಲಿಷಿಗಾಗಿ ಬರೆದ ಡಿಬೇಸ್‌ನಂಥ ಪ್ರೋಗ್ರಾಮುಗಳಲ್ಲೂ ಭಾರತೀಯ ಲಿಪಿಗಳನ್ನು ಅದು ಮೂಡಿಸುತ್ತಿತ್ತು. ಇಂದು ಗುಜರಿಯಲ್ಲಿ ಅಂಥದ್ದೊಂದು ಕಾರ್ಡ್ ಸಿಕ್ಕಿದರೆ ಅದು ತಾನು ಜಿಸ್ಟ್ ಎಂದು ಬಸ್ಸಿನ ಮೂಲಕ ಹೇಳಲಾರದು. ಮೇಲೆ ಅಚ್ಚಾದ ಅಕ್ಷರ ಅಳಿಸಿದ್ದರೆ, ನೋಡಿದವರಿಗೆ ಅದೊಂದು ಹಸಿರು ಹಲಗೆ ಅಷ್ಟೇ.

1995ರ ವಿಂಡೋಸ್ 95ರ ಬಗ್ಗೆ ಬಂದ ಲೇವಡಿ ಒಂದೆರಡಲ್ಲ. ಕಾರ್ಡ್ ಹುಡುಕಲು ಹೋಗಿ ಯಂತ್ರವೇ ಸ್ತಬ್ಧವಾಗುತ್ತಿತ್ತು ಎಂಬುದು ಸುಳ್ಳಲ್ಲ. ತಡವಿ ನೋಡುವಾಗ ಯಾವುದೋ ಕಾರ್ಡಿನ ಮರ್ಮಕ್ಕೆ ತಾಗಿದರೆ ಹಾಗಾಗುತ್ತದೆ. ಆದರೆ ಅದರ ತಯಾರಿ ನೋಡಿ. ಒಂದೊಂದು ಹೆಜ್ಜೆಗೂ ಮೊದಲು ತಾನು ಏನು ಮಾಡಲಿದ್ದೇನೆ ಎಂದು ಡೆಟ್‌ಕ್ರ್ಯಾಶ್ ಎಂಬ ಲಾಗ್ ಫೈಲಿನಲ್ಲಿ ಬರೆದಿಡುತ್ತಿತ್ತು. ಯಂತ್ರ ನಿಂತು, ಬಳಕೆದಾರ ಪವರ್ ಆರಿಸಿ ಹಾಕಿದರೆ ಆ ಫೈಲ್ ಓದಿ, ಅಪಾಯ ತಂದ ಹೆಜ್ಜೆಯನ್ನು ಬಿಟ್ಟು ಮುಂದಕ್ಕೆ ಹೋಗುತ್ತಿತ್ತು. ಬಾಯಿಲ್ಲದ ಬಸ್ಸಿನ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಸಾಫ್ಟ್‌ವೇರ್ ಮಾಡಲಾರದು. ಇದನ್ನು ಬರೆದವರ ಬಗ್ಗೆ ನನಗೆ ಗೌರವವಿದೆ.

ಐಎಸ್‌ಎಗೆ ಬಾಯಿ ಬಂದದ್ದು 1993ರಲ್ಲಿ, ಇಂಟೆಲ್ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಪ್ಲಗ್ ಅಂಡ್ ಪ್ಲೇ ನಿಯಮಗಳಿಂದ. ಅದರ ಜಾಣತನವನ್ನು ಬಿಡಿಸಿ ಹೇಳಲೇಬೇಕು. ಎಲ್ಲ ಕಾರ್ಡುಗಳೂ ಒಂದೇ ಪೋರ್ಟಿಗೆ ಕಿವಿಗೊಟ್ಟಿರುತ್ತವೆ, ಆದ್ದರಿಂದ ಎಲ್ಲವೂ ಒಟ್ಟಿಗೆ ಮಾತಾಡಿದರೆ ಏನೂ ಕೇಳಿಸದು. ಮೊದಲು ಯಂತ್ರ 32 ಬೈಟುಗಳ ಸಂಕೇತ ಕಳಿಸಿ ಕಾರ್ಡುಗಳನ್ನು ಎಚ್ಚರಿಸುತ್ತದೆ. ಪ್ರತಿ ಕಾರ್ಡಿಗೂ 72 ಬಿಟ್‌ನ ಸ್ವಂತ ಗುರುತಿದೆ. ಒಂದೊಂದೇ ಬಿಟ್ ಕೇಳುತ್ತಾ ಹೋದಾಗ, ಆ ಜಾಗದಲ್ಲಿ 1 ಇರುವ ಕಾರ್ಡ್ 55, ಎಎ ಎಂದು ಉತ್ತರಿಸುತ್ತದೆ. 0 ಇರುವುದು ಸುಮ್ಮನೆ ಆಲಿಸುತ್ತದೆ. ಬೇರೆಯವರ ಉತ್ತರ ಕಿವಿಗೆ ಬಿದ್ದರೆ ಈ ಸುತ್ತಿನಿಂದ ಹಿಂದೆ ಸರಿಯುತ್ತದೆ. 72 ಬಿಟ್ ಮುಗಿಯುವಾಗ ಒಂದೇ ಕಾರ್ಡ್ ಉಳಿದಿರುತ್ತದೆ, ಅದಕ್ಕೊಂದು ಸಂಖ್ಯೆ ಸಿಗುತ್ತದೆ, ಮತ್ತೆ ಮೊದಲಿನಿಂದ ಶುರು. ಹೀಗೆ ಹೊರಬರುವ ಗುರುತು ಮೂರು ಅಕ್ಷರ, ನಾಲ್ಕು ಅಂಕಿ: ಕ್ರಿಯೇಟಿವ್‌ನದಾದರೆ 'ಸಿಟಿಎಲ್' ಎಂದು ಶುರುವಾಗುತ್ತದೆ, ರಿಯಲ್‌ಟೆಕ್‌ನ ಎನ್‌ಇ2000 ನಕಲು 'ಆರ್‌ಟಿಎಲ್8019' ಎನ್ನುತ್ತದೆ. ಹಳೆಯ ಸ್ಲಾಟಿನ ತಂತಿಗಳನ್ನು ಒಂದಿಷ್ಟೂ ಬದಲಿಸದೆ ಇದನ್ನು ಸಾಧಿಸಿದ್ದು ಸುಂದರವಾದ ಎಂಜಿನಿಯರಿಂಗ್. ದೋಷವೆಂದರೆ ತಡವಾಗಿ ಬಂದದ್ದು. ಅಷ್ಟು ಹೊತ್ತಿಗೆ ಮೂಕ ಕಾರ್ಡುಗಳು ಎಲ್ಲೆಡೆ ತುಂಬಿದ್ದವು, ಒಂದೇ ಯಂತ್ರದಲ್ಲಿ ಎರಡೂ ಜಾತಿ ಬೆರೆತು ಹೊಡೆದಾಡಿದವು.

1992ರ ಪಿಸಿಐ ಬಸ್ಸಿನಲ್ಲಿ ಈ ತಾಪತ್ರಯವಿಲ್ಲ. ಪ್ರತಿ ಸಾಧನಕ್ಕೂ 256 ಬೈಟುಗಳ ಕಾನ್ಫಿಗರೇಷನ್ ಜಾಗ, ಅದರ ಮೊದಲ ನಾಲ್ಕು ಬೈಟ್‌ಗಳಲ್ಲೇ ತಯಾರಕ ಮತ್ತು ಸಾಧನದ ಸಂಖ್ಯೆ. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್. ಮಾರ್ಟಿನ್ ಮಾರೆಷ್ ಶುರುಮಾಡಿ ಹಲವರು ಕೈಗೂಡಿಸಿ ಬೆಳೆಸಿದ ಪಿಸಿಐ ಸಂಖ್ಯೆಗಳ ಪಟ್ಟಿ ಇಂದಿಗೂ ಲಿನಕ್ಸ್ ಯಂತ್ರಗಳಲ್ಲಿದೆ. ಆದರೂ ಇದನ್ನು ಕಣ್ಣುಮುಚ್ಚಿ ನಂಬುವವರಿಗೆ ಒಂದು ಮಾತು: ಆ ಸಂಖ್ಯೆ ಹೇಳುವುದು ಮುಖ್ಯ ಚಿಪ್ಪಿನ ಹೆಸರನ್ನು, ಕಾರ್ಡಿನ ಹೆಸರನ್ನಲ್ಲ. ಟಿವಿ ಟ್ಯೂನರ್ ಕಾರ್ಡುಗಳೇ ಸಾಕ್ಷಿ. ಬ್ರೂಕ್‌ಟ್ರೀಯ ಬಿಟಿ878 ಚಿಪ್ ಹೊತ್ತವೆಲ್ಲ 109ಇ, 036ಇ ಎಂದೇ ಹೇಳುತ್ತವೆ. ಆದರೆ ಒಂದರ ಟ್ಯೂನರ್ ಡಬ್ಬಿ ಫಿಲಿಪ್ಸ್, ಇನ್ನೊಂದರದು ಬೇರೆ. ಧ್ವನಿಯ ದಾರಿಯೂ ಬೇರೆ. ತಪ್ಪು ಹೊಂದಿಸಿದರೆ ಚಿತ್ರವಿದ್ದರೂ ಸದ್ದಿಲ್ಲ, ಅಥವಾ ಚಾನೆಲ್ಲೇ ಇಲ್ಲ. ಕಾರ್ಡನ್ನೇ ಹೆಸರಿಸಲು ಬಂದ ಸಬ್‌ಸಿಸ್ಟಮ್ ಸಂಖ್ಯೆಯನ್ನು ಅಗ್ಗದ ತಯಾರಕರು ತುಂಬದೆ ಬಿಟ್ಟರು. ಕೊನೆಗೆ ಲಿನಕ್ಸಿನ ಬಿಟಿಟಿವಿ ಡ್ರೈವರಿನಲ್ಲಿ 150ಕ್ಕೂ ಹೆಚ್ಚು ಕಾರ್ಡುಗಳ ಪಟ್ಟಿ ಬೆಳೆದು, ನಿಮ್ಮದು ಯಾವುದೆಂದು ನೀವೇ ಸಂಖ್ಯೆ ಕೊಡಿ ಎನ್ನುವಲ್ಲಿಗೆ ಬಂತು. ಜಂಪರ್ ಹೋದರೂ ಮನುಷ್ಯನ ಕಣ್ಣಿನ ಕೆಲಸ ಹೋಗಲಿಲ್ಲ.

ಅದಕ್ಕೇ ಇಂದಿನ ರೂಢಿಯ ಬಗ್ಗೆ ನನ್ನ ತಕರಾರು. ಎಸ್.ಪಿ. ರಸ್ತೆಯಲ್ಲೋ ಗುಜರಿಯಲ್ಲೋ ಸಿಕ್ಕ ಕಾರ್ಡನ್ನು ನೇರ ಸ್ಲಾಟಿಗೆ ಒತ್ತಿ, ಯಾವುದೋ 'ಎಲ್ಲ ಡ್ರೈವರ್ ಒಂದೇ ಕಡೆ' ಎಂಬ ಪ್ಯಾಕ್ ಓಡಿಸುವವರೇ ಹೆಚ್ಚು. ಪ್ಯಾಕ್ ಏನನ್ನೋ ಹಾಕುತ್ತದೆ, ಅದು ಅರ್ಧ ಕೆಲಸ ಮಾಡುತ್ತದೆ, ಆ ಅರ್ಧಕ್ಕೇ ತೃಪ್ತಿಪಡುತ್ತಾರೆ. ಮೊದಲು ಕಾರ್ಡನ್ನು ಬೆಳಕಿಗೆ ಹಿಡಿದು ಓದಬೇಕು. ಕ್ರಿಯೇಟಿವ್ ಕಾರ್ಡುಗಳಲ್ಲಿ 'ಸಿಟಿ' ಎಂದು ಶುರುವಾಗುವ ನಾಲ್ಕಂಕಿ ಅಚ್ಚಾಗಿರುತ್ತದೆ. ಸಿಟಿ2230, ಸಿಟಿ2940 ಎರಡೂ ಸೌಂಡ್ ಬ್ಲಾಸ್ಟರ್ 16. ಆದರೆ ಮೊದಲನೆಯದು ಜಂಪರಿನದು, ಎರಡನೆಯದು ಪ್ಲಗ್ ಅಂಡ್ ಪ್ಲೇ. ಎರಡನೆಯದಕ್ಕೆ ಡಾಸ್‌ನಲ್ಲಿ ಸಿಟಿಸಿಎಂ ಎಂಬ ಪ್ರೋಗ್ರಾಮ್ ಮೊದಲು ಓಡಬೇಕು, ಮೊದಲನೆಯದಕ್ಕೆ ಅದು ಬೇಕಿಲ್ಲ. ಸೌಂಡ್ ಬ್ಲಾಸ್ಟರ್ 16 ಎಂದಷ್ಟೇ ತಿಳಿದವರು ಇಲ್ಲೇ ದಾರಿ ತಪ್ಪುತ್ತಾರೆ. ಚಿಪ್ಪಿನ ಮೇಲೆ ಸಂಖ್ಯೆಯ ಜೊತೆಗಿರುವ ನಾಲ್ಕಂಕಿ ಹೆಚ್ಚಾಗಿ ತಯಾರಿಯ ವರ್ಷ, ವಾರ: 9523 ಎಂದರೆ 1995ರ 23ನೇ ವಾರ. ಎಷ್ಟು ಹಳೆಯ ಡ್ರೈವರ್ ಹುಡುಕಬೇಕು ಎಂಬುದು ಅಲ್ಲಿಂದಲೇ ಅಂದಾಜಾಗುತ್ತದೆ.

ಅಮೆರಿಕದ ಎಫ್‌ಸಿಸಿ ಸಂಖ್ಯೆ ಎಲ್ಲರ ನೆಚ್ಚಿನ ಸಾಕ್ಷಿ. ಅದು ಹುಟ್ಟಿದ್ದು ರೇಡಿಯೋಗೆ ಅಡಚಣೆಯಾಗದಿರಲಿ ಎಂಬ ಕಾನೂನಿನಿಂದ; ನಮಗೆ ದಕ್ಕಿದ್ದು ಉಪಕಾರ. ಅದರ ಮೊದಲ ಮೂರು ಅಕ್ಷರ ಅನುಮತಿ ಪಡೆದವರನ್ನು ತೋರಿಸುತ್ತದೆ, ಅಂಗಡಿಯ ಡಬ್ಬದ ಮೇಲಿದ್ದ ಹೆಸರನ್ನಲ್ಲ. 1996ರಿಂದ ತಯಾರಕರೇ ಘೋಷಿಸಿಕೊಳ್ಳುವ ಪದ್ಧತಿ ಬಂದ ಮೇಲೆ ಎಷ್ಟೋ ಕಾರ್ಡುಗಳಲ್ಲಿ ಚಿಹ್ನೆ ಮಾತ್ರ ಉಳಿಯಿತು, ಸಂಖ್ಯೆ ಹೋಯಿತು.

ಡಿಸ್‌ಪ್ಲೇ ಕಾರ್ಡ್ ಆದರೆ ಡಾಸ್ ಜೊತೆಗೇ ಬರುವ ಡಿಬಗ್ ಸಾಕು. ಅದರಲ್ಲಿ 'ಡಿ ಸಿ000:0' ಎಂದು ಹೊಡೆದರೆ ಕಾರ್ಡಿನ ರಾಮ್ ತೆರೆದುಕೊಳ್ಳುತ್ತದೆ. ಮೊದಲು 55 ಎಎ ಎಂಬ ಮುದ್ರೆ, ಮುಂದೆ 512ರ ಲೆಕ್ಕದಲ್ಲಿ ಅದರ ಗಾತ್ರ, ಮತ್ತೆರಡು ಸಲ ಡಿ ಒತ್ತುವಷ್ಟರಲ್ಲಿ ಬಲಗಡೆಯ ಕಾಲಮ್ಮಿನಲ್ಲಿ ಚಿಪ್ ಮಾಡಿದವರ ಹೆಸರು, ಬಯೋಸ್ ಆವೃತ್ತಿ, ಕೆಲವೊಮ್ಮೆ ತಾರೀಖು. ಯಾವ ಪ್ಯಾಕೂ ಬೇಡ, ಇಂಟರ್‌ನೆಟ್ಟೂ ಬೇಡ. ಇಷ್ಟು ಸರಳವಾದ ದಾರಿಯನ್ನು ಹೊಸಬರಿಗೆ ಯಾರೂ ಹೇಳಿಕೊಡದಿರುವುದು ನನಗೆ ಬೇಸರದ ಸಂಗತಿ.

ಉಳಿದ ಮೂಕ ಕಾರ್ಡುಗಳಿಗೆ ಇಂದು ನಮಗಿರುವ ಆಸರೆ ಮೈಕ್ರೋ ಹೌಸ್ ಸಂಗ್ರಹಿಸಿದ, 'ಟೋಟಲ್ ಹಾರ್ಡ್‌ವೇರ್ 99' ಎಂದು ಹರಿದಾಡಿದ ಜಂಪರ್ ನಕ್ಷೆಗಳಂಥ ದಾಖಲೆಗಳು. ಅಂಥ ದಾಖಲೆ ಮಾಡಿಟ್ಟವರು ಅಮೆರಿಕದವರು. ನಮ್ಮ ಬ್ಯಾಂಕು, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ದುಡಿದ ಕಾರ್ಡುಗಳನ್ನು ನಾವೇ ದಾಖಲಿಸಬೇಕು. ಆದ್ದರಿಂದ ಅಟ್ಟದ ಮೇಲೆ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟು: ಗುಜರಿಯವನಿಗೆ ಕೊಡುವ ಮುನ್ನ ಒಳಗಿನ ಕಾರ್ಡುಗಳನ್ನು ಬಿಚ್ಚಿ. ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ, ಚಿಪ್ಪಿನ ಸಂಖ್ಯೆ ಓದುವಷ್ಟು ಸ್ಪಷ್ಟವಾಗಿ. ಜಂಪರುಗಳು ಎಲ್ಲಿವೆಯೋ ಹಾಗೇ ಇರಲಿ. ಜೊತೆಯಲ್ಲಿ ಫ್ಲಾಪಿ ಇದ್ದರೆ ಅದು ಓದಿಸಿಕೊಳ್ಳುವಾಗಲೇ ಪ್ರತಿ ಮಾಡಿಸಿ. ಸಿ-ಡ್ಯಾಕ್ ಎಂದು ಅಚ್ಚಾದ ಕಾರ್ಡ್ ಕಂಡರೆ ಮಾತ್ರ ದಯವಿಟ್ಟು ಕೊಡಲೇಬೇಡಿ.