ಚಪ್ಪಡಿ ಏಳುವುದೇಕೆ? ಒಂದು ಸಿದ್ಧ ಉತ್ತರದ ವಿಮರ್ಶೆ

ಹೊಸದಾಗಿ ಹಾಸಿದ ಅಂಗಳದ ಕಲ್ಲು ಚಪ್ಪಡಿಗಳು ಒಂದೆರಡು ಬೇಸಿಗೆ ಕಳೆಯುವುದರೊಳಗೆ ಅಲುಗಾಡುವುದನ್ನು ನೀವು ನೋಡಿರಬಹುದು. ತುಳಿದರೆ ಟೊಳ್ಳು ಸದ್ದು. ಮಳೆ ಬಂದರೆ ಸಂದಿನಿಂದ ಕೆಸರು ನೀರು ಚಿಮ್ಮುತ್ತದೆ. 'ಸಿಮೆಂಟ್ ಕಡಿಮೆ ಹಾಕಿದ್ದಾರೆ' ಎಂಬುದು ಇದಕ್ಕೆ ಎಲ್ಲರ ಬಳಿಯೂ ಇರುವ ಉತ್ತರ. ದುರಸ್ತಿಯಲ್ಲಿ ಸಿಮೆಂಟ್ ಹೆಚ್ಚುತ್ತದೆ, ಮೇಸ್ತ್ರಿಗೆ ಬೈಗುಳ ಸಿಗುತ್ತದೆ, ಚಪ್ಪಡಿ ಮತ್ತೆ ಏಳುತ್ತದೆ. ಈ ಉತ್ತರ ಎಷ್ಟು ಸರಿ?

ಎದ್ದ ಚಪ್ಪಡಿಯನ್ನು ಮಗುಚಿ ನೋಡಿ. ಗಾರೆ ನೆಲದಲ್ಲೇ ಗಟ್ಟಿಯಾಗಿ ಉಳಿದು, ಕಲ್ಲಿನ ಬೆನ್ನು ಶುಭ್ರವಾಗಿದೆಯೆ? ಹಾಗಿದ್ದರೆ ಗಾರೆ ದುರ್ಬಲವಲ್ಲ, ಕಲ್ಲಿಗೂ ಗಾರೆಗೂ ಹಿಡಿತ ಉಂಟಾಗಿಲ್ಲ. ಗಾರೆ ಉಗುರಿಗೇ ಪುಡಿಯಾದರೆ ದೋಷ ಗಾರೆಯದು. ಗಾರೆಯೊಡನೆ ಚಪ್ಪಡಿ ಕುಸಿದಿದ್ದರೆ ಕೆಳಗಿನ ಮಣ್ಣನ್ನು ಸರಿಯಾಗಿ ದಮ್ಮಸು ಮಾಡಿಲ್ಲ. ಸಿಮೆಂಟಿನ ಕೊರತೆ ಕಾರಣವಾಗಬಹುದಾದದ್ದು ಎರಡನೆಯ ಸಂದರ್ಭದಲ್ಲಿ ಮಾತ್ರ.

ಹಿಡಿತ ಏಕೆ ತಪ್ಪುತ್ತದೆ? ಸಾಧಾರಣ ಇಟ್ಟಿಗೆ ತನ್ನ ತೂಕದ ಶೇ. 15-20ರವರೆಗೂ ನೀರು ಹೀರಬಲ್ಲದು. ಆ ನೀರಿನೊಡನೆ ಸಿಮೆಂಟಿನ ಅಂಶವೂ ರಂಧ್ರಗಳಿಗೆ ಸೇರಿ, ಅಲ್ಲಿಯೇ ಹರಳುಗಟ್ಟಿ ಬೇರಿನಂತೆ ಹಿಡಿಯುತ್ತದೆ. ಗ್ರಾನೈಟ್ ಹೀರುವುದು ಸಾಮಾನ್ಯವಾಗಿ ಶೇ. 0.5ಕ್ಕೂ ಕಡಿಮೆ. ಸಾಲದೆಂಬಂತೆ, ಗರಗಸದಿಂದ ಕೊಯ್ದ ಬೆನ್ನಿಗೆ ನುಣುಪಾದ ಕಲ್ಲಿನ ಪುಡಿ ಮೆತ್ತಿರುತ್ತದೆ. ತೊಳೆಯದಿದ್ದರೆ ಗಾರೆ ಅಂಟುವುದು ಆ ಪುಡಿಗೆ, ಕಲ್ಲಿಗಲ್ಲ. ಆದ್ದರಿಂದ ಬೆನ್ನನ್ನು ಉಜ್ಜಿ ತೊಳೆದು, ಗಂಜಿಯಂತೆ ಕಲಸಿದ ಸಿಮೆಂಟನ್ನು ಬಳಿದು, ಅದು ಒಣಗುವ ಮೊದಲೇ ಹಸಿ ಗಾರೆಯ ಮೇಲೆ ಕೂರಿಸಬೇಕು. ನಾಲ್ಕು ಮೂಲೆ ಮತ್ತು ನಡುವೆ ಗಾರೆಯ ಉಂಡೆಯಿಟ್ಟು ಕಲ್ಲು ಕೂರಿಸುವ ಪದ್ಧತಿಯೂ ತಪ್ಪು. ಉಂಡೆಗಳ ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ.

ಸಿಮೆಂಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದು ಇನ್ನೊಂದು ತಪ್ಪು ಕಲ್ಪನೆ. ಅದು ಗಟ್ಟಿಯಾಗುವುದು ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. 100 ಗ್ರಾಂ ಸಿಮೆಂಟ್ ಸುಮಾರು 23 ಗ್ರಾಂ ನೀರನ್ನು ಬಂಧಿಸಿಕೊಳ್ಳುತ್ತದೆ. ಕಾದ ಕಲ್ಲು, ಒಣ ನೆಲ, ಬಿಸಿಲು ಈ ನೀರನ್ನು ಕಸಿದರೆ ಕ್ರಿಯೆ ಅರ್ಧಕ್ಕೇ ನಿಲ್ಲುತ್ತದೆ. ಕನಿಷ್ಠ 7 ದಿನ ತೇವ ಆರದಂತೆ ನೋಡಿಕೊಳ್ಳಬೇಕು. ಸಿಮೆಂಟ್ ಅತಿಯಾದ ಗಾರೆ ಒಣಗುವಾಗ ಹೆಚ್ಚು ಕುಗ್ಗುತ್ತದೆ. ಹಿಡಿತವೇ ಇಲ್ಲದ ಕಡೆ ಈ ಕುಗ್ಗುವಿಕೆ ಬಿಡಿಸುವ ಕೆಲಸವನ್ನೇ ಮಾಡುತ್ತದೆ. ಹೀಗಾಗಿ 'ಇನ್ನಷ್ಟು ಸಿಮೆಂಟ್' ಎಂಬ ಮದ್ದು ರೋಗವನ್ನು ಹೆಚ್ಚಿಸಬಹುದು.

ಬಿಸಿಲಿನ ಪಾತ್ರವನ್ನು ನೀವೇ ಲೆಕ್ಕ ಹಾಕಿ. ಗ್ರಾನೈಟಿನ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಹತ್ತು ಲಕ್ಷದಲ್ಲಿ 8 ಭಾಗ. 3 ಮೀಟರ್ ಉದ್ದದ ಹಾಸು 30 ಡಿಗ್ರಿ ಹೆಚ್ಚು ಕಾದರೆ ಸುಮಾರು 0.7 ಮಿಲಿಮೀಟರ್ ಹಿಗ್ಗುತ್ತದೆ. ಅಲ್ಪವೆನಿಸಿದರೂ, ಗೋಡೆಯ ಬಳಿ ಸಂದು ಬಿಡದಿದ್ದರೆ ಹಿಡಿತ ಸಡಿಲವಾದ ಚಪ್ಪಡಿಯನ್ನು ಮೇಲೆತ್ತಲು ಇಷ್ಟು ಸಾಕು.

ಶಿಕ್ಷಕರು ಇದನ್ನು ತರಗತಿಯ ಚಟುವಟಿಕೆಯಾಗಿಸಬಹುದು. ಶಾಲೆಯಂಗಳದ ಚಪ್ಪಡಿಗಳನ್ನು ನಾಣ್ಯದಿಂದ ತಟ್ಟಿ, ಟೊಳ್ಳು ಸದ್ದು ಬಂದವನ್ನು ನಕ್ಷೆಯಲ್ಲಿ ಗುರುತಿಸಿ. ಅವು ಬಿಸಿಲು ಬೀಳುವ ಕಡೆ ಹೆಚ್ಚೋ, ನೀರು ನಿಲ್ಲುವ ಕಡೆಯೋ, ಗೋಡೆಯ ಅಂಚಿನಲ್ಲೋ? ದುರಸ್ತಿಗೆಂದು ಕಲ್ಲು ಎತ್ತಿದ ದಿನ ಅದರ ಬೆನ್ನನ್ನು ಮಕ್ಕಳಿಗೆ ತೋರಿಸಿ. ಯಾರ ತಪ್ಪು ಎಂಬ ಮಾತು ಅದಾದ ಮೇಲೆ ಬರಲಿ.